ಡಿಸ್ನಿ ವರ್ಲ್ಡ್‌ನಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟೋದಾ, ಬೇಡ್ವಾ?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವ್ರು. ಮಗ-ಸೊಸೆ ಅಮೆರಿಕದಲ್ಲಿದಾರೆ. ಈ ಸಲ ಹೋದಾಗ ಎಲ್ಲರೂ ಸೇರಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ನಾಲ್ಕು ರಾತ್ರಿ ಹೋಗೋಣ ಅಂತಿದಾನೆ ಮಗ. ಒಟ್ಟು ಆರು ಜನ, ಮೊಮ್ಮಗಳಿಗೆ ಏಳು ವರ್ಷ, ಮೊಮ್ಮಗನಿಗೆ ಎರಡು. ನಾನು, ನಮ್ಮನೆಯವ್ರು ಮೊಟ್ಟೇನೂ ತಿನ್ನಲ್ಲ. ಹೋಟೆಲ್ ಬುಕ್ ಮಾಡೋವಾಗ್ಲೇ ಊಟದ ದುಡ್ಡೂ ಕಟ್ಟೋ ಪ್ಲಾನ್ ಇದೆಯಂತೆ, ತಗೊಂಡ್ರೆ ನಿಶ್ಚಿಂತೆ ಅಂತಾನೆ. ತಗೊಳ್ಳೋಣಾ?

ಉತ್ತರ: ನಿಮ್ಮಿಬ್ಬರಿಗೆ ಖಂಡಿತ ಬೇಡ. ಮೊಮ್ಮಗಳಿಗೆ ಲಾಭ ಇದೆ. ಮಗ-ಸೊಸೆದು ಮಾತ್ರ ಅವ್ರು ಅಲ್ಲಿ ಏನು ತಿಂತಾರೆ, ಏನು ಕುಡೀತಾರೆ ಅನ್ನೋದರ ಮೇಲೆ ಹೋಗುತ್ತೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಲೆಕ್ಕ ಇದೆ, ಪೆನ್ನು ಪೇಪರ್ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಇದೇನು ಅಂತ ನೋಡೋಣ. ಡಿಸ್ನಿ ಡೈನಿಂಗ್ ಪ್ಲಾನ್ ಅಂತ 2005ರಲ್ಲಿ ಶುರು ಮಾಡಿದ್ದು, ಕೊರೊನಾ ಟೈಮಲ್ಲಿ ನಿಲ್ಲಿಸಿ 2024ರ ಜನವರೀಲಿ ಮತ್ತೆ ತಂದ್ರು. ಡಿಸ್ನಿಯವರದೇ ಹೋಟೆಲಲ್ಲಿ ಪ್ಯಾಕೇಜ್ ತಗೊಂಡು ಉಳ್ಕೊಳ್ಳೋರಿಗೆ ಮಾತ್ರ ಸಿಗುತ್ತೆ. ಎರಡು ಥರ ಇದೆ. ಒಂದು ಕ್ವಿಕ್ ಸರ್ವಿಸ್, ಅಂದ್ರೆ ನಮ್ಮ ದರ್ಶಿನಿ ಥರ ಕೌಂಟರಲ್ಲಿ ತಗೊಂಡು ತಿನ್ನೋದು: ಒಂದು ರಾತ್ರಿಗೆ ತಲಾ ಎರಡು ಊಟ, ಒಂದು ಸ್ನ್ಯಾಕ್. ಇನ್ನೊಂದರಲ್ಲಿ ಒಂದು ಕೌಂಟರ್ ಊಟ, ಒಂದು ಟೇಬಲ್ಲಿಗೆ ತಂದುಕೊಡೋ ಊಟ, ಒಂದು ಸ್ನ್ಯಾಕ್. ಎರಡರಲ್ಲೂ ಒಬ್ಬೊಬ್ಬರಿಗೆ ಒಂದು ಪ್ಲಾಸ್ಟಿಕ್ ಮಗ್ ಕೊಡ್ತಾರೆ, ಅದರಲ್ಲಿ ಹೋಟೆಲಲ್ಲಿ ಕಾಫಿನೋ ಸೋಡಾನೋ ಎಷ್ಟು ಸಲ ಬೇಕಾದ್ರೂ ತುಂಬಿಸ್ಕೋಬಹುದು, ಆದ್ರೆ ಹೋಟೆಲಲ್ಲಿ ಮಾತ್ರ, ಪಾರ್ಕಲ್ಲಿ ಆಗಲ್ಲ, ಮತ್ತೆ ನೀವು ಹೋಟೆಲಲ್ಲಿ ಇರೋದೇ ನಿದ್ದೆ ಮಾಡೋಕೆ.

ಈ ಊಟಗಳನ್ನ ಕ್ರೆಡಿಟ್ ಅಂತ ಕರೀತಾರೆ. ನಾಲ್ಕು ರಾತ್ರಿದು ಒಟ್ಟಿಗೇ ಅಕೌಂಟಿಗೆ ಹಾಕಿಬಿಡ್ತಾರೆ, ಯಾವಾಗ ಬೇಕಾದ್ರೂ ಬಳಸ್ಬಹುದು, ಚೆಕ್ ಔಟ್ ದಿನ ಮಧ್ಯರಾತ್ರಿ ತನಕ. ಆಮೇಲೆ ಉಳಿದಿದ್ದು ಹೋಯ್ತು. ಕಾಲೇಜು ಹುಡುಗರು ಮೆಸ್ಸಿಗೆ ತಿಂಗಳ ದುಡ್ಡು ಕಟ್ಟಿ ಶನಿವಾರ ಭಾನುವಾರ ಊರಿಗೆ ಹೋಗಿ ಬಂದಂಗೆ, ತಿನ್ನದೇ ಬಿಟ್ಟ ಊಟದ ದುಡ್ಡು ಮೆಸ್ಸಿನವರಿಗೇ. ಅದಕ್ಕೇ ಕೊನೇ ದಿನ ಸಂಜೆ ಎಷ್ಟೋ ಜನ ಹೊಟ್ಟೆ ತುಂಬಿದ್ರೂ ಉಳಿದ ಸ್ನ್ಯಾಕ್ ಕ್ರೆಡಿಟ್ ಖಾಲಿ ಮಾಡೋಕೆ ಅಂಗಡಿ ಅಂಗಡಿ ತಿರುಗ್ತಾ ಇರ್ತಾರೆ.

ಈಗ ದುಡ್ಡಿಗೆ ಬರೋಣ. 2024ರಲ್ಲಿ ವಾಪಸ್ ತಂದಾಗ ಕೌಂಟರ್ ಪ್ಲಾನಿಗೆ ಒಂದು ರಾತ್ರಿಗೆ ದೊಡ್ಡೋರಿಗೆ 57 ಡಾಲರ್, ಮಕ್ಕಳಿಗೆ 24ರ ಹತ್ರ ಇತ್ತು. ಟೇಬಲ್ ಊಟ ಇರೋ ಪ್ಲಾನಿಗೆ ದೊಡ್ಡೋರಿಗೆ 94, ಮಕ್ಕಳಿಗೆ 30ರ ಹತ್ರ. ಮಕ್ಕಳು ಅಂದ್ರೆ 3ರಿಂದ 9 ವರ್ಷದೋರು, 10 ಆಯ್ತು ಅಂದ್ರೆ ದೊಡ್ಡೋರ ರೇಟೇ. ಆಮೇಲೆ ರೇಟ್ ಏರಿಸಿದಾರೆ, ನೀವು ಬುಕ್ ಮಾಡೋ ದಿನ ಸ್ಕ್ರೀನಲ್ಲಿ ಬರೋ ರೇಟನ್ನೇ ಹಿಡೀರಿ, ನಾನು ಇಲ್ಲಿ ಲೆಕ್ಕದ ದಾರಿ ತೋರಿಸೋಕೆ ಹಳೇ ರೇಟ್ ಇಟ್ಕೊಂಡಿದೀನಿ.

ಕೌಂಟರ್ ಪ್ಲಾನ್ ತಗೊಳ್ಳಿ. ಒಂದು ಊಟ 15 ಡಾಲರ್, ಜೊತೆಗೊಂದು ತಂಪು ಪಾನೀಯ 5 ಅಂತ ಹಿಡಿದ್ರೆ ಎರಡು ಹೊತ್ತಿಗೆ 40. ಸ್ನ್ಯಾಕ್ 6-7. ಮಗ್ಗಿನ ಬೆಲೆ 22 ಅಂದ್ಕೊಂಡು ನಾಲ್ಕು ರಾತ್ರಿಗೆ ಹಂಚಿದ್ರೆ ದಿನಕ್ಕೆ ಐದೂವರೆ. ಟ್ಯಾಕ್ಸ್ ಸೇರಿಸಿ ಒಟ್ಟು 55ರ ಹತ್ರ ನಿಲ್ಲುತ್ತೆ. ಪ್ಲಾನಿಗೆ ಕಟ್ಟಿದ್ದು 57. ಅಂದ್ರೆ ಒಂದು ತುತ್ತೂ ಬಿಡದಂಗೆ, ಎರಡು ಹೊತ್ತೂ ಸೋಡಾ ಕುಡ್ಕೊಂಡು, ಮಗ್ಗನ್ನೂ ಬಿಡದಂಗೆ ಬಳಸಿದ್ರೂ ಸಮ ಆಗೋದೇ ಕಷ್ಟ. ಹಾಗಾದ್ರೆ ಲಾಭ ಯಾರಿಗೆ? ಊಟದ ಜೊತೆ ಬಿಯರೋ ಕಾಕ್‌ಟೇಲೋ ತಗೊಳ್ಳೋರಿಗೆ. 21 ದಾಟಿದೋರಿಗೆ ಪ್ಲಾನಲ್ಲಿ ಸೋಡಾ ಬದಲು ಅದನ್ನೂ ಕೊಡ್ತಾರೆ, ಅಲ್ಲಿ ಒಂದು ಗ್ಲಾಸ್ ಕಾಕ್‌ಟೇಲ್ ಹೆಚ್ಚುಕಮ್ಮಿ ಒಂದು ಊಟದ ಬೆಲೆ. ಮಗ-ಸೊಸೆ ತಗೊಳ್ತಾರೋ ಇಲ್ವೋ ಅದು ಅವ್ರ ವಿಷ್ಯ, ನೀವು ಕೇಳೋಕೆ ಹೋಗ್ಬೇಡಿ, ಲೆಕ್ಕ ಅವ್ರೇ ಹಾಕ್ಕೊಳ್ಳಲಿ.

ನಿಮ್ಮಿಬ್ಬರ ಲೆಕ್ಕ ನೋಡಿ. ಬೇಸಿಗೆ ತಿಂಗಳಲ್ಲಿ ಫ್ಲಾರಿಡಾ ಸೆಖೆ ಅಂದ್ರೆ ನಮ್ಮ ಏಪ್ರಿಲ್ ಬಿಸಿಲಿನ ಒಣ ಸೆಖೆ ಅಲ್ಲ, ಮಂಗಳೂರಿನ ಥರ ಮೈಗೆ ಅಂಟೋ ಸೆಖೆ, ಮಧ್ಯಾಹ್ನದ ಹೊತ್ತಿಗೆ ಹಸಿವೇ ಸತ್ತೋಗುತ್ತೆ, ಬರೀ ನೀರು ನೀರು ಅನ್ಸುತ್ತೆ. ನೀರಿಗೆ ದುಡ್ಡಿಲ್ಲ, ಕೌಂಟರ್ ಊಟದ ಜಾಗದಲ್ಲಿ ಕೇಳಿದ್ರೆ ಐಸ್ ಹಾಕಿದ ನೀರು ಲೋಟದಲ್ಲಿ ಫ್ರೀ ಕೊಡ್ತಾರೆ. ಮಧ್ಯಾಹ್ನ ಇಬ್ರೂ ಸೇರಿ ಒಂದು ಊಟ ಹಂಚ್ಕೊಂಡು, ರಾತ್ರಿ ಒಂದೊಂದು ತಿಂದು, ನಡುವೆ ಒಂದು ಡೋಲ್ ವಿಪ್ ತಿಂದ್ರಿ ಅಂದ್ಕೊಳ್ಳಿ. ಇಬ್ಬರಿಗೂ ಸೇರಿ ಟ್ಯಾಕ್ಸ್ ಸಮೇತ ದಿನಕ್ಕೆ 55 ಡಾಲರ್. ಪ್ಲಾನಾದ್ರೆ ಇಬ್ಬರಿಗೆ 114. ನಾಲ್ಕು ರಾತ್ರಿಗೆ ಹತ್ರ ಹತ್ರ 235 ಡಾಲರ್ ವ್ಯತ್ಯಾಸ, ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರ. ಡೋಲ್ ವಿಪ್ ಯಾಕೆ ಹೇಳ್ದೆ ಅಂದ್ರೆ ಅದು ಪೈನಾಪಲ್ಲಿನ ತಣ್ಣನೆ ಕ್ರೀಮ್, ಹಾಲೂ ಇಲ್ಲ ಮೊಟ್ಟೇನೂ ಇಲ್ಲ.

ಮೊಟ್ಟೆ ತಿನ್ನದವ್ರಿಗೆ ಇನ್ನೊಂದು ತಕರಾರು. ಟೇಬಲ್ ಊಟದ ಕ್ರೆಡಿಟ್ಟಿಗೆ ಬರೋದು ಒಂದು ಮೇನ್ ಐಟಂ, ಒಂದು ಸಿಹಿ, ಒಂದು ಡ್ರಿಂಕ್. ಸಿಹಿ ಅಂದ್ರೆ ಕೇಕು, ಪುಡಿಂಗು, ಬಹುಪಾಲು ಮೊಟ್ಟೆ ಹಾಕಿದ್ದೇ, ನಿಮ್ಮ ಪಾಲಿನದು ಮಗನ ತಟ್ಟೆಗೆ ಹೋಗುತ್ತೆ. ಮೆನುವಿನಲ್ಲಿ ಎಲೆ ಗುರುತು ಇರೋ ಐಟಂಗೆ ಮಾಂಸ, ಹಾಲು, ಮೊಟ್ಟೆ ಯಾವುದೂ ಹಾಕಿರಲ್ಲ, ಅದನ್ನ ನೋಡ್ಕೊಂಡು ಆರ್ಡರ್ ಮಾಡಿದ್ರೆ ಪ್ರತಿ ಸಲ ಕೇಳೋ ತಾಪತ್ರಯ ತಪ್ಪುತ್ತೆ.

ಅಲ್ಲಿ ನಮ್ಮ ನಾಲಿಗೆಗೆ ಹಿಡಿಸೋ ಜಾಗ ಒಂದಿದೆ. ಅನಿಮಲ್ ಕಿಂಗ್‌ಡಂ ಲಾಡ್ಜ್ ಅನ್ನೋ ಹೋಟೆಲಲ್ಲಿ ಸನಾ ಅಂತ ರೆಸ್ಟೋರೆಂಟು, ಆಫ್ರಿಕಾದ್ದು ನಮ್ಮ ಇಂಡಿಯಾದ್ದು ಸೇರಿಸಿ ಅಡುಗೆ ಮಾಡ್ತಾರೆ. ಬ್ರೆಡ್ ಸರ್ವಿಸ್ ಅಂತ ಕೇಳಿದ್ರೆ ನಾನ್ ಮತ್ತೆ ಬೇರೆ ಥರದ ರೊಟ್ಟಿಗಳು ಸೇರಿ ಐದು ಬಗೆ, ನಂಚ್ಕೊಳ್ಳೋಕೆ ಒಂಬತ್ತು ಚಟ್ನಿ, ಉಪ್ಪಿನಕಾಯಿ, ರಾಯ್ತಾ ಥರದ್ದು ಸಣ್ಣ ಸಣ್ಣ ಬಟ್ಟಲಲ್ಲಿ ಬರುತ್ತೆ. ಕಿಟಕಿ ಆಚೆ ಹುಲ್ಲುಗಾವಲಲ್ಲಿ ಜಿರಾಫೆ, ಜೀಬ್ರಾ ಓಡಾಡ್ತಿರ್ತವೆ. ಮೊಮ್ಮಗ ಅದನ್ನ ನೋಡ್ತಾ ಕೂತಿರೋ ಹೊತ್ತಿಗೆ ನೀವು ನಾಲ್ಕು ತುತ್ತು ನೆಮ್ಮದಿಯಾಗಿ ತಿನ್ನಬಹುದು. ತಮಾಷೆ ಅಂದ್ರೆ ಅದು ಸ್ಟಾರ್ಟರ್ ಲೆಕ್ಕದಲ್ಲಿ ಬರುತ್ತೆ, ಪ್ಲಾನಿನ ಕ್ರೆಡಿಟ್ಟಲ್ಲಿ ಸ್ಟಾರ್ಟರ್ ಸೇರಲ್ಲ. ನಿಮಗೆ ಇಷ್ಟ ಆಗೋ ಊಟಕ್ಕೆ ಹೇಗಿದ್ರೂ ಕೈಯಿಂದಲೇ ಕೊಡ್ಬೇಕು.

ಮೊಮ್ಮಗಳ ಕಥೆ ಬೇರೆ. ಮಿಕ್ಕಿ ಮೌಸು, ಅವನ ಬಳಗ ಟೇಬಲ್ ಹತ್ರ ಬಂದು ಮಾತಾಡ್ಸೋ ಬಫೆಗಳಿವೆ, ಶೆಫ್ ಮಿಕ್ಕೀಸ್ ಅಂತ ಒಂದು ಫೇಮಸ್ಸು. ಅಂಥ ಕಡೆ ದೊಡ್ಡೋರಿಗೆ 60 ಡಾಲರ್ ದಾಟುತ್ತೆ, ಮಕ್ಕಳಿಗೆ 40ರ ಆಸುಪಾಸು. ಮಗುವಿನ ಇಡೀ ದಿನದ ಪ್ಲಾನೇ 30, ಒಂದೇ ಬಫೆಗೆ ಅದು ವಸೂಲಿ. ಅದೂ ಅಲ್ದೆ 2026ರ ಪ್ಯಾಕೇಜುಗಳಿಗೆ ದೊಡ್ಡೋರು ಪ್ಲಾನ್ ತಗೊಂಡ್ರೆ 3ರಿಂದ 9 ವರ್ಷದ ಮಕ್ಕಳಿಗೆ ಫ್ರೀ ಅಂತ ಡಿಸ್ನಿಯವ್ರು ಹೇಳಿದಾರೆ. ಎರಡು ವರ್ಷದ ಮೊಮ್ಮಗನಿಗೆ ಪ್ಲಾನೇ ಬೇಡ, ಮೂರರ ಕೆಳಗಿನವ್ರು ದೊಡ್ಡೋರ ತಟ್ಟೇಲೇ ತಿನ್ನೋದು, ಬಫೆಲೂ ಅವ್ರಿಗೆ ದುಡ್ಡಿಲ್ಲ.

ಆದ್ರೆ ಮೊಮ್ಮಗಳಿಗೆ ಮಾತ್ರ ಕೊಡಿ ಅಂದ್ರೆ ಕೊಡಲ್ಲ. ಒಂದು ಬುಕಿಂಗಲ್ಲಿ ಮೂರು ವರ್ಷ ದಾಟಿದ ಪ್ರತಿಯೊಬ್ರೂ ತಗೊಳ್ಳಬೇಕು, ಅದೂ ಒಂದೇ ಥರದ್ದು, ಎಲ್ಲಾ ರಾತ್ರಿಗೂ. ಈ ಒಂದು ರೂಲಿನಿಂದಲೇ ಬಹಳ ಮನೆಗಳವ್ರು ಸಿಕ್ಕಿಹಾಕ್ಕೊಳ್ಳೋದು, ಮಗುವಿನ ಲಾಭ ಅಜ್ಜ-ಅಜ್ಜಿ ತಿನ್ನದ ಊಟದಲ್ಲಿ ಕೊಚ್ಚಿಕೊಂಡು ಹೋಗುತ್ತೆ. ನಿಮ್ಮ ಅದೃಷ್ಟಕ್ಕೆ ಆರು ಜನ ಇದೀರ. ಅಲ್ಲಿನ ಸಾಮಾನ್ಯ ರೂಮಿಗೆ ನಾಲ್ಕು ಜನರ ಲೆಕ್ಕ, ಹೇಗೂ ಎರಡು ರೂಮ್ ಬೇಕು. ಎರಡನ್ನೂ ಬೇರೆ ಬೇರೆ ಬುಕಿಂಗ್ ಮಾಡೋಕೆ ಹೇಳಿ. ಮಗ-ಸೊಸೆ-ಮಕ್ಕಳ ರೂಮಿಗೆ ಪ್ಲಾನ್ ಬೇಕಾದ್ರೆ ಹಾಕ್ಸಲಿ, ನಿಮ್ಮ ರೂಮಿಗೆ ಬೇಡ. ಅವ್ರಿಗೂ ದಿನಾ ಒಂದು ಅಂಥ ಬಫೆ ಮಾಡೋ ಆಸೆ ಇದ್ರೆ ಮಾತ್ರ ಟೇಬಲ್ ಪ್ಲಾನ್, ಒಂದೇ ಸಲ ಸಾಕು ಅನ್ನೋದಾದ್ರೆ ಅವತ್ತಿನದು ಕಾರ್ಡ್ ಉಜ್ಜಿ ಕೊಟ್ರಾಯ್ತು. ಮತ್ತೆ ಪ್ಲಾನ್ ಇದೆ ಅಂದ್ರೆ ಟೇಬಲ್ ಇದೆ ಅಂತ ಅಲ್ಲ, ಟೇಬಲ್ ಬುಕಿಂಗು 60 ದಿನ ಮೊದಲೇ ಓಪನ್ ಆಗುತ್ತೆ, ಮಿಕ್ಕಿ ಬರೋ ಜಾಗಗಳು ಬೇಗ ಖಾಲಿ.

ಟಿಪ್ಸು ಪ್ಲಾನಲ್ಲಿ ಸೇರಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಎಲ್ಲಾ ಕಟ್ಟಿದೀವಲ್ಲ ಅಂತ ಆರಾಮಾಗಿ ಎದ್ದು ಹೊರಡೋವಾಗ ಬಿಲ್ ಬರುತ್ತೆ. ಆರು ಜನ ಅಥವಾ ಅದಕ್ಕಿಂತ ಜಾಸ್ತಿ ಒಟ್ಟಿಗೆ ಕೂತ್ರೆ 18 ಪರ್ಸೆಂಟ್ ಅವ್ರೇ ಸೇರಿಸಿಬಿಡ್ತಾರೆ, ನೀವು ಸರಿಯಾಗಿ ಆರು ಜನ. 300 ಡಾಲರ್ ಊಟಕ್ಕೆ 54 ಟಿಪ್ಸು.

ಇನ್ನು ನಿಮ್ಮ ಮಗ ಹೇಳಿದ ನಿಶ್ಚಿಂತೆ ಅನ್ನೋ ಮಾತು. ಅದನ್ನ ನಾನು ತಳ್ಳಿಹಾಕಲ್ಲ, ಅವನಿಗೆ ನಿಮ್ಮ ಸ್ವಭಾವ ಗೊತ್ತು. ನಮ್ಮ ಕಡೆ ಅಪ್ಪ-ಅಮ್ಮ ಅಮೆರಿಕಕ್ಕೆ ಹೋದ್ರೆ ಮೆನು ಬೋರ್ಡ್ ನೋಡಿದ ತಕ್ಷಣ ಮನಸಲ್ಲೇ ಗುಣಾಕಾರ ಶುರು. ಹದಿನೈದು ಡಾಲರಾ, ಒಂದು ಬಟ್ಟಲು ಅನ್ನಕ್ಕೆ ಸಾವಿರದ ಮುನ್ನೂರಾ, ಅಷ್ಟರಲ್ಲಿ ಮನೆ ಮಂದಿಯೆಲ್ಲಾ ಬೆಣ್ಣೆ ದೋಸೆ ತಿಂದು ಪಾರ್ಸೆಲ್ಲೂ ತರಬಹುದಿತ್ತಲ್ಲ ಅಂತ. "ನಂಗೇನೂ ಹಸಿವಿಲ್ಲ ಕಣಪ್ಪಾ, ನೀವು ತಿನ್ರಿ" ಅಂತ ಬೆಂಚಿನ ಮೇಲೆ ಕೂತುಬಿಡ್ತಾರೆ. ಸಂಜೆ ಹೊತ್ತಿಗೆ ತಲೆನೋವು, ಶುಗರ್ ಇದ್ದೋರಿಗೆ ಇನ್ನೂ ಕಷ್ಟ. ದುಡ್ಡು ಮೊದಲೇ ಹೋಗಿದೆ ಅಂದ್ರೆ ಸುಮ್ನೆ ತಿಂತಾರೆ ಅಂತ ಮಕ್ಕಳು ಪ್ಲಾನ್ ಹಾಕಿಸೋದು, ಅದರಲ್ಲಿ ಅರ್ಥ ಇದೆ.

ಆದ್ರೆ ಅದಕ್ಕೆ ಅಗ್ಗದ ದಾರಿ ಇದೆ. ಡಿಸ್ನಿ ಗಿಫ್ಟ್ ಕಾರ್ಡ್ ಅಂತ ಸಿಗುತ್ತೆ, ಅದಕ್ಕೆ ಮಗ ಇನ್ನೂರೈವತ್ತು ಡಾಲರ್ ಹಾಕಿ ನಿಮ್ಮ ಕೈಗೆ ಕೊಟ್ಟುಬಿಡಲಿ, ಅಪ್ಪಾಜಿ ಇದು ಆಗಲೇ ಕೊಟ್ಟಾಗಿರೋ ದುಡ್ಡು ಅಂತ. ಪಾರ್ಕಲ್ಲಿ ಊಟ ತಿಂಡಿಗೆಲ್ಲಾ ನಡೆಯುತ್ತೆ. ಉಳಿದ್ರೆ ಮಧ್ಯರಾತ್ರಿಗೆ ಸತ್ತುಹೋಗಲ್ಲ, ಅದಕ್ಕೆ ಎಕ್ಸ್‌ಪೈರಿನೇ ಇಲ್ಲ, ಮೊಮ್ಮಗಳಿಗೆ ಒಂದು ಗೊಂಬೆನೋ ಟೀ ಶರ್ಟೋ ಬರುತ್ತೆ.

ಇನ್ನೊಂದು, ಹೊರಗಿನ ಊಟ ಡಿಸ್ನಿ ವರ್ಲ್ಡ್ ಒಳಗೆ ತಗೊಂಡು ಹೋಗೋಕೆ ಬಿಡ್ತಾರೆ. ಗಾಜಿನ ಬಾಟಲಿ, ಮದ್ಯ ಬೇಡ ಅಷ್ಟೇ. ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಒಂದು ಡಬ್ಬಿ ಬ್ಯಾಗಲ್ಲಿದ್ರೆ ಬೆಳಗ್ಗಿನ ತಿಂಡಿ ಮುಗೀತು. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಕೊಳ್ಳಿ. ಊರಿಂದ ಒಯ್ಯೋ ಚಟ್ನಿಪುಡಿ ಮಂಡಕ್ಕಿನ ಅಮೆರಿಕದ ಏರ್‌ಪೋರ್ಟಲ್ಲಿ ಇದೆ ಅಂತ ಹೇಳೇ ಹೇಳಿ, ಮುಚ್ಚಿಟ್ರೆ ಫೈನು.

ಬಿಡದಿಯ ವಂಡರ್‌ಲಾ ಬಗ್ಗೆನೂ ಇದೇ ಕೇಳೋರು ಇದಾರೆ, ಟಿಕೆಟ್ ಜೊತೆ ಊಟದ ಕಾಂಬೋ ತಗೊಳ್ಳೋದಾ ಅಂತ. ಅಲ್ಲಿ ಲೆಕ್ಕ ಉಲ್ಟಾ. ಹೊರಗಿನ ಊಟ ಒಳಗೆ ಬಿಡಲ್ಲ, ಒಂದೇ ದಿನ, ಒಂದು ಹೊತ್ತು ಹೇಗಿದ್ರೂ ಅಲ್ಲೇ ತಿನ್ಬೇಕು, ಹಾಗಾಗಿ ದೊಡ್ಡೋರಿಗೆ ತಗೊಂಡ್ರೆ ನಷ್ಟ ಇಲ್ಲ. ಪುಟ್ಟ ಮಕ್ಕಳಿಗೆ ಪೂರ್ತಿ ಊಟ ತಗೋಬೇಡಿ, ನೀರಲ್ಲಿ ಆಡೋ ಖುಷೀಲಿ ಎರಡು ತುತ್ತು ತಿಂದು ಎದ್ದೋಡ್ತವೆ. ದಾವಣಗೆರೆಯಿಂದ ನಸುಕಿನಲ್ಲೇ ಹೊರಟ್ರೆ ಬುತ್ತಿ ಬಿಚ್ಚೋ ಜಾಗ ಹೈವೇಲೇ, ಶಿರಾ ತುಮಕೂರು ಕಡೆ ಎಲ್ಲಾದ್ರೂ ನೆರಳು ನೋಡ್ಕೊಳ್ಳಿ.