800 ರೂಪಾಯಿಯ ರೆಡ್ ವೈನ್ ಒಗರೊಗರು: ಬಾಟಲಿ ಕೆಟ್ಟಿತ್ತಾ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ 800 ರೂಪಾಯಿ ಕೊಟ್ಟು ಒಂದು ರೆಡ್ ವೈನ್ ತಂದೆ. ಬಾಯೆಲ್ಲ ಒಗರು, ಕಹಿ. ಇದಕ್ಕಿಂತ ಅಗ್ಗದ ಪೋರ್ಟ್ ವೈನೇ ಚೆನ್ನಾಗಿತ್ತು. ಬಾಟಲಿ ಕೆಟ್ಟಿತ್ತಾ? ಒಳ್ಳೇ ವೈನ್ ಬೇಕೆಂದರೆ ಇನ್ನೂ ದುಡ್ಡು ಹಾಕಲೇಬೇಕಾ?

ಉತ್ತರ: ಬಾಟಲಿ ಬಹುಶಃ ಕೆಟ್ಟಿರಲಿಲ್ಲ, ಹೆಚ್ಚು ದುಡ್ಡೂ ಬೇಕಿಲ್ಲ. ಕೆಟ್ಟ ವೈನಿನ ಗುರುತೇ ಬೇರೆ. ವಿನಿಗರ್ ವಾಸನೆ ಬರುತ್ತದೆ, ಇಲ್ಲವೇ ನೆನೆದ ರಟ್ಟಿನ ವಾಸನೆ ಬರುತ್ತದೆ, ಬಿಳಿ ವೈನಾದರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಿಮಗೆ ಸಿಕ್ಕಿದ್ದು ಟ್ಯಾನಿನ್. ರೆಡ್ ವೈನಿಗೆ ದ್ರಾಕ್ಷಿಯನ್ನು ಸಿಪ್ಪೆ, ಬೀಜದ ಸಮೇತ ಹುದುಗಿಸುತ್ತಾರೆ. ಅವುಗಳಲ್ಲಿರುವ ಟ್ಯಾನಿನ್ ರಸಕ್ಕಿಳಿದು, ನೇರಳೆ ಹಣ್ಣು ತಿಂದಾಗ ಆಗುವ ಹಾಗೆ ನಾಲಿಗೆ ಹಿಡಿಯುತ್ತದೆ. ಬಿಳಿ ವೈನಿಗೆ ರಸವನ್ನು ಮೊದಲೇ ಹಿಂಡಿ ಬೇರ್ಪಡಿಸುವುದರಿಂದ ಈ ಕಾಟ ಕಡಿಮೆ.

ನಮ್ಮಲ್ಲಿ ಪೋರ್ಟ್ ಎಂದು ಮಾರುವ ಅಗ್ಗದ ವೈನ್‌ಗಳು ಸಿಹಿ. ಸಿಹಿ ಇದ್ದಲ್ಲಿ ಒಗರೂ ಹುಳಿಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮ್ಮ ಸುತ್ತಮುತ್ತಲ ತೋಟಗಳಲ್ಲೇ ಬೆಳೆಯುವ, ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಜ್ಯೂಸಿಗೂ ಇಂಥ ಸಿಹಿ ವೈನಿಗೂ ಹೋಗುತ್ತದೆ. ಅದರ ಗಾಢ ಘಮಕ್ಕೆ ಸಿಹಿ ಒಪ್ಪುತ್ತದೆ. ಡ್ರೈ, ಅಂದರೆ ಸಿಹಿಯಿಲ್ಲದ ವೈನಿನ ಕಥೆ ಬೇರೆ. ಅದರಲ್ಲಿ ಸಕ್ಕರೆಯ ಅಂಶ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ದಾಟುವುದಿಲ್ಲ, ಸಿಹಿ ವೈನಿನಲ್ಲಿ 45 ಗ್ರಾಂಗಿಂತ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರಿದರೆ ನಾಲಿಗೆ ಒಪ್ಪದಿರುವುದು ಸಹಜ.

ಹಾಗಾಗಿ ಮುಂದಿನ ಬಾಟಲಿ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಆಗಿರಲಿ. ಭಾರತದ ಶೆನಿನ್‌ಗಳಲ್ಲಿ ಹೆಚ್ಚಿನವಕ್ಕೆ ತುಸು ಸಿಹಿ ಉಳಿಸಿರುತ್ತಾರೆ, ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹಿಡಿಸಿದರೆ ನಿಂಬೆಯಂಥ ಹುಳಿಯಿರುವ ಇನ್ನೊಂದು ಬಿಳಿ ವೈನ್ ಸೊವಿನ್ಯಾನ್ ಬ್ಲಾಂಕ್, ಆಮೇಲೆ ಗುಲಾಬಿ ಬಣ್ಣದ ರೋಸೆ, ಆಮೇಲೆ ರೆಡ್ ವೈನಾದ ಶಿರಾಜ್. ಇನ್ನೊಂದು ರೆಡ್ ಆದ ಕ್ಯಾಬರ್ನೆ ಸೊವಿನ್ಯಾನ್ ಕೊನೆಗಿರಲಿ, ಇವುಗಳಲ್ಲಿ ಒಗರು ಜಾಸ್ತಿ ಅದಕ್ಕೇ. ನಿಮ್ಮ ಬಜೆಟ್‌ನಲ್ಲಿ ವಿದೇಶಿ ಬಾಟಲಿ ಬೇಡ. ಕೊಟ್ಟ ದುಡ್ಡಿನ ದೊಡ್ಡ ಪಾಲು ಆಮದು ಸುಂಕಕ್ಕೂ ಸಾಗಣೆಗೂ ಹೋಗಿ, ವೈನಿಗೆ ಉಳಿಯುವುದು ಅಷ್ಟಕ್ಕಷ್ಟೆ. ನಾಸಿಕ್ ಕಡೆಯದೋ, ನಂದಿ ಬೆಟ್ಟದ ಆಚೆ ದೊಡ್ಡಬಳ್ಳಾಪುರ ಕಡೆಯದೋ ಸಾಕು.

ಅಂಗಡಿಯಲ್ಲಿ ಬ್ರ್ಯಾಂಡ್‌ಗಿಂತ ಮೊದಲು ಬಾಟಲಿ ಇಟ್ಟಿರುವ ಜಾಗ ನೋಡಿ. ವೈನ್ ಸ್ಟೋರ್ಸ್ ಎಂಬ ಬೋರ್ಡಿದ್ದರೂ ಅಲ್ಲಿ ಓಡುವುದು ಬ್ರಾಂಡಿ, ವಿಸ್ಕಿ. ವೈನ್ ಬಾಟಲಿಗಳು ಬಿಸಿಲು ಬೀಳುವ ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ನಿಂತಿರುತ್ತವೆ. ವಿಸ್ಕಿಗೆ ಅದರಿಂದ ಅಷ್ಟೇನೂ ಆಗದು, ವೈನ್ ಮಾತ್ರ ಬೆಂದ ಹಣ್ಣಿನ ರುಚಿಗೆ ತಿರುಗುತ್ತದೆ. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ, ಕತ್ತಿನ ಬಳಿ ವೈನ್ ಸೋರಿ ಅಂಟಂಟಾಗಿದ್ದರೆ ಬಿಟ್ಟುಬಿಡಿ, ಅದು ಬಿಸಿ ತಿಂದ ಬಾಟಲಿ. ಬಿಳಿ ವೈನನ್ನು ಅಂಗಡಿಯವರ ಫ್ರಿಜ್‌ನಿಂದಲೇ ಕೇಳಿ ತೆಗೆದುಕೊಳ್ಳಿ.

ಲೇಬಲ್ಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಈ ಬೆಲೆಯ ವೈನಿಗೆ ಹೊಂದುವುದಿಲ್ಲ, ಇವನ್ನು ಮಾಡುವುದೇ ಬೇಗ ಕುಡಿಯಲೆಂದು. ಬಿಳಿ, ರೋಸೆ ಎರಡು ವರ್ಷದೊಳಗಿನವು, ರೆಡ್ ಮೂರು ವರ್ಷದೊಳಗಿನದು ಸಿಗಲಿ. ಇಸವಿ ಇಲ್ಲದಿದ್ದರೆ ಬಾಟಲಿ ತುಂಬಿದ ದಿನಾಂಕ ಹುಡುಕಿ. ತಿರುಗಿಸಿ ತೆಗೆಯುವ ಮುಚ್ಚಳ ಕಂಡು ಕಡಿಮೆ ದರ್ಜೆಯದೆಂದು ಬಿಡಬೇಡಿ. ರಟ್ಟಿನ ವಾಸನೆಗೆ ಮುಖ್ಯ ಕಾರಣವೇ ಕಾರ್ಕ್, ಈ ಮುಚ್ಚಳದಲ್ಲಿ ಆ ಭಯ ಬಹಳ ಕಡಿಮೆ.

ಮನೆಯಲ್ಲಿ ಎಡವುವುದು ಹೆಚ್ಚಾಗಿ ಬಿಸಿಯಲ್ಲಿ. ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಅದು ಯುರೋಪಿನ ತಣ್ಣನೆ ಮನೆಗಳ ಲೆಕ್ಕ, ಅಂದರೆ 16ರಿಂದ 18 ಡಿಗ್ರಿ. ಬೇಸಿಗೆಯಲ್ಲಿ ನಿಮ್ಮ ಮನೆಯೊಳಗೇ 30 ದಾಟಿರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ರೆಡ್ ಬಾಟಲಿಯನ್ನು ಕುಡಿಯುವ ಮೊದಲು ಅರ್ಧದಿಂದ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ, ಬಿಳಿಯದನ್ನು ಎರಡು ಮೂರು ಗಂಟೆ. ಅವಸರವಿದ್ದರೆ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ, ಬಿಳಿ ವೈನ್ ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗಿ ಬಾಟಲಿ ಒಡೆಯಬಹುದು.

ನಿಮ್ಮ ಆ ರೆಡ್ ಇನ್ನೂ ಉಳಿದಿದ್ದರೆ ಹೀಗೆ ಮಾಡಿ ನೋಡಿ. ತಣ್ಣಗಿರುವಾಗ ಒಂದು ಗುಟುಕು ಕುಡಿಯಿರಿ, ಉಪ್ಪು ಹಾಕಿ ಹುರಿದ ಕಡ್ಲೇಕಾಯಿ ಬೀಜ ನಾಲ್ಕು ಅಗಿಯಿರಿ, ಮತ್ತೆ ಒಂದು ಗುಟುಕು. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಬೀಜದ ಎಣ್ಣೆ ಒಗರನ್ನು ಮೆತ್ತಗಾಗಿಸುತ್ತದೆ. ಎರಡನೇ ಗುಟುಕಿನಲ್ಲಿ ಹಣ್ಣಿನ ರುಚಿ ಮುಂದೆ ಬರುತ್ತದೆ.

ಖಾರದ ಜತೆ ಇದಕ್ಕೆ ತದ್ವಿರುದ್ಧ. ನಾಟಿಕೋಳಿ ಸಾರು ಮುದ್ದೆಯ ಜತೆ ಒಗರಿನ ರೆಡ್ ಕುಡಿದರೆ ಖಾರ ಇನ್ನಷ್ಟು ಉರಿಯುತ್ತದೆ, ವೈನ್ ಇನ್ನಷ್ಟು ಕಹಿಯೆನಿಸುತ್ತದೆ. ಸಾರಿನ ಊಟಕ್ಕೆ ತಣ್ಣನೆಯ ಶೆನಿನ್ ಅಥವಾ ರೋಸೆ ಇರಲಿ. ಕರಿದ ಮೀನಿಗೆ ಸೊವಿನ್ಯಾನ್ ಬ್ಲಾಂಕ್ ಬಹಳ ಚೆಂದ. ಶಿರಾಜನ್ನು ಮೆಣಸು ಹಾಕಿ ಹುರಿದ ಮಟನ್ ಚಾಪ್ಸ್‌ಗೆ ಎತ್ತಿಡಿ.

750 ಎಂ.ಎಲ್. ಬಾಟಲಿಯಲ್ಲಿ 150 ಎಂ.ಎಲ್.ನ ಐದು ಗ್ಲಾಸ್ ಬರುತ್ತದೆ. ವೈನ್ ಜ್ಯೂಸಿದ್ದ ಹಾಗೆ, ಏನೂ ಆಗಲ್ಲ ಅನ್ನುವ ಮಾತು ನಂಬಬೇಡಿ. ಶೇ 12.5ರ ವೈನಿನ ಒಂದು ಗ್ಲಾಸಿನಲ್ಲಿ 30 ಎಂ.ಎಲ್. ವಿಸ್ಕಿಯ ಸುಮಾರು ಒಂದೂವರೆ ಪಟ್ಟು ಆಲ್ಕೋಹಾಲ್ ಇರುತ್ತದೆ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ.

ಒಬ್ಬರೇ ಇದ್ದು ಐದು ಗ್ಲಾಸ್ ಹೆಚ್ಚಾಯಿತೆಂದರೆ, ಚೆನ್ನಾಗಿ ತೊಳೆದು ಒಣಗಿಸಿದ 375 ಎಂ.ಎಲ್. ಬಾಟಲಿ ಒಂದಿಟ್ಟುಕೊಳ್ಳಿ. ದೊಡ್ಡದನ್ನು ತೆರೆದ ಕೂಡಲೇ, ಗ್ಲಾಸಿಗೆ ಸುರಿಯುವ ಮೊದಲೇ, ಅರ್ಧ ವೈನನ್ನು ಅದಕ್ಕೆ ಕಂಠಮಟ್ಟ ತುಂಬಿ ಮುಚ್ಚಿ ಫ್ರಿಜ್‌ಗಿಡಿ. ಒಳಗೆ ಗಾಳಿಗೆ ಜಾಗವಿಲ್ಲದ ಕಾರಣ ನಾಲ್ಕೈದು ದಿನಕ್ಕೇನೂ ಮೋಸವಿಲ್ಲ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಫ್ರಿಜ್‌ನಲ್ಲಿಟ್ಟರೂ ಎರಡು ಮೂರು ದಿನದಲ್ಲಿ ಸಪ್ಪೆಯಾಗುತ್ತದೆ.