ಮಗುವಿಗೆ ಕಂಡಿದ್ದು, ಓದುಗರಿಗೆ ಗೊತ್ತಾಗಿದ್ದು

ಅಪ್ಪ ಅಮ್ಮನ ಮುಖವನ್ನು ಪಿಪ್ ನೋಡಿಯೇ ಇಲ್ಲ. ಫೋಟೊ ಕೂಡ ಇಲ್ಲ, ಇರುವುದು ಸಮಾಧಿ ಕಲ್ಲು ಮಾತ್ರ. ಅದರ ಮೇಲೆ ಕೆತ್ತಿದ ಅಕ್ಷರಗಳ ಆಕಾರ ನೋಡಿ, ಅಪ್ಪ ದಪ್ಪಗೆ, ಕಪ್ಪಗೆ, ಗುಂಗುರು ಕೂದಲಿನವನು ಇದ್ದಿರಬೇಕು ಅಂದುಕೊಳ್ಳುತ್ತಾನೆ. ಚಾರ್ಲ್ಸ್ ಡಿಕನ್ಸ್ 1860–61ರಲ್ಲಿ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿ ಶುರುವಾಗುವುದೇ ಹೀಗೆ, ಮಗುವಿನ ಕಣ್ಣಿಂದ. ಮಕ್ಕಳು ಯೋಚಿಸುವುದೂ ಹಾಗೇ ಅಲ್ವಾ? ಆದರೆ ಕಥೆ ಹೇಳುತ್ತಿರುವವನು ದೊಡ್ಡವನಾದ ಪಿಪ್. ಆ ಊಹೆಗೆ ಅರ್ಥವಿರಲಿಲ್ಲ ಎಂದು ಅವನೇ ಹೇಳಿಬಿಡುತ್ತಾನೆ. ಷಾರ್ಲೆಟ್ ಬ್ರಾಂಟೆಯ 1847ರ ಕಾದಂಬರಿ ‘ಜೇನ್ ಐರ್’ ಕೂಡ ಹೀಗೆ ಹಿಂತಿರುಗಿ ನೋಡಿ ಹೇಳಿದ ಬಾಲ್ಯವೇ.

ಮಾರ್ಕ್ ಟ್ವೇನ್ 1884ರಲ್ಲಿ ಈ ದೊಡ್ಡವರನ್ನು ಪಕ್ಕಕ್ಕೆ ಸರಿಸಿದ. ಅವನ ಕಾದಂಬರಿಯ ಹುಡುಗ ಹಕಲ್‌ಬೆರಿ ಫಿನ್ ತನ್ನ ಆಡುಮಾತಿನಲ್ಲಿ, ತಪ್ಪು ವ್ಯಾಕರಣದಲ್ಲೇ ಕಥೆ ಹೇಳುತ್ತಾನೆ. ಓಡಿಬಂದ ಗುಲಾಮ ಜಿಮ್‌ಗೆ ನೆರವಾಗುವುದು ಪಾಪ ಎಂದು ಅವನಿಗೆ ಕಲಿಸಿದ್ದಾರೆ. ಅವನದನ್ನು ನಂಬಿದ್ದಾನೆ ಕೂಡ. ಆದರೂ ಜಿಮ್‌ನನ್ನು ಹಿಡಿದುಕೊಡಲು ಬರೆದ ಪತ್ರವನ್ನು ಹರಿದುಹಾಕುತ್ತಾನೆ. ಸರಿ, ನರಕಕ್ಕೇ ಹೋಗ್ತೀನಿ ಅಂದುಕೊಳ್ಳುತ್ತಾನೆ. ಹುಡುಗನಿಗೆ ತಾನು ಕೆಟ್ಟವನು ಅನ್ನಿಸುತ್ತಿದೆ, ಕೆಟ್ಟಿರುವುದು ಯಾವುದೆಂದು ನಮಗೆ ಕಾಣುತ್ತಿದೆ. ಈ ಎರಡರ ನಡುವಿನ ಅಂತರದಲ್ಲೇ ಕಾದಂಬರಿಯ ಜೀವವಿದೆ.

ಹೆನ್ರಿ ಜೇಮ್ಸ್‌ಗೆ ಇನ್ನೊಂದು ತೊಡಕು ಎದುರಾಯಿತು. ಮಕ್ಕಳಿಗೆ ಕಾಣುವುದು ಜಾಸ್ತಿ, ಹೇಳಲು ಮಾತು ಕಡಿಮೆ. 1897ರ ‘ವಾಟ್ ಮೇಸಿ ನ್ಯೂ’ ಕಾದಂಬರಿಯ ಮೇಸಿ, ವಿಚ್ಛೇದನ ಪಡೆದ ಅಪ್ಪ ಅಮ್ಮನ ಮನೆಗಳ ನಡುವೆ ಓಡಾಡುವ ಪುಟ್ಟ ಹುಡುಗಿ. ಅವರು ಒಬ್ಬರನ್ನೊಬ್ಬರು ಬೈಯುವುದಕ್ಕೂ ಅವಳೇ ಬೇಕು. ಇಲ್ಲಿ ವಾಕ್ಯಗಳು ಲೇಖಕನವು, ನೋಟ ಮಾತ್ರ ಮೇಸಿಯದು. ಅವಳಿಲ್ಲದ ಕೋಣೆಯಲ್ಲಿ ಏನು ನಡೆಯಿತೆಂದು ನಮಗೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ, ಮಗುವಿನ ಕಣ್ಣಿಂದ ಕಥೆ ಹೇಳುವ ಈ ದಾರಿಯಲ್ಲಿ ಇದೇ ದೊಡ್ಡ ತಿರುವು. 1916ರಲ್ಲಿ ಜೇಮ್ಸ್ ಜಾಯ್ಸ್ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ ಕಾದಂಬರಿಯಲ್ಲಿ ಮುಂದಿನ ಹೆಜ್ಜೆ ಇಟ್ಟ. ಅದರ ನಾಯಕ ಸ್ಟೀಫನ್ ಬೆಳೆದಂತೆ ಕಾದಂಬರಿಯ ಭಾಷೆಯೂ ಬೆಳೆಯುತ್ತದೆ.

ಕನ್ನಡದಲ್ಲಿ ಇದಕ್ಕೆ ನನಗೆ ಮೊದಲು ನೆನಪಾಗುವುದು ಅನಂತಮೂರ್ತಿಯವರ ‘ಘಟಶ್ರಾದ್ಧ’. ಕಾದಂಬರಿಯಲ್ಲ, ನೀಳ್ಗತೆ. ಗಿರೀಶ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದ್ದು ಇದನ್ನೇ. ವೇದ ಕಲಿಯಲು ಬಂದ ನಾಣಿ ಇನ್ನೂ ಚಿಕ್ಕವನು. ಗುರುಗಳ ಮಗಳು, ವಿಧವೆ ಯಮುನಕ್ಕ ಬಸುರಿ. ಏನೋ ಆಗಬಾರದ್ದು ಆಗಿದೆ ಎಂದಷ್ಟೇ ಅವನಿಗೆ ಗೊತ್ತು. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವ ಮಟ್ಟಕ್ಕೆ ಅದು ಹೋಗುತ್ತದೆ. ನಾಣಿಗೆ ಶಾಸ್ತ್ರದ ಪರ ವಿರೋಧ ಎರಡೂ ಇಲ್ಲ. ಅವನಿಗೆ ಯಮುನಕ್ಕ ಬೇಕು, ಅಷ್ಟೇ. ಇದನ್ನೇ ದೊಡ್ಡವರೊಬ್ಬರು ಹೇಳಿದ್ದರೆ ಊರನ್ನು ಬೈದು ಮುಗಿಸುತ್ತಿದ್ದರೇನೋ.

ಈಚಿನ ಎಷ್ಟೋ ಕಥೆಗಳಲ್ಲಿ ನನಗೆ ಬೇಸರ ತರುವುದು ಇದೇ ವಿಷಯ. ಎಂಟು ವರ್ಷದ ಮಗು ಜಾತಿ, ಮದುವೆ, ಸಾವಿನ ಬಗ್ಗೆ ಅಳೆದು ತೂಗಿ ಮಾತಾಡುತ್ತದೆ. ಅದು ಲೇಖಕರ ಮಾತು, ಮಗು ಸುಮ್ನೆ ಒಪ್ಪಿಸುತ್ತಿದೆ. ಅಂಥ ಕಡೆ ಓದುಗರಿಗೆ ತಾವಾಗಿ ಕಂಡುಕೊಳ್ಳಲು ಏನೂ ಉಳಿದಿರುವುದಿಲ್ಲ.