ಎಲ್ಕ್ ಗಾತ್ರದ ಟಾರ್ಗೆಟ್ ಮನೆಯಲ್ಲೇ: ಗುರುತೆಲ್ಲ ಹಿಂಬದಿಗೆ ಇರಲಿ

ಅಮೆರಿಕದ ಕೊಲೊರಾಡೊದಲ್ಲಿ ಬಿಲ್ಲು ಹಿಡಿದು ಎಲ್ಕ್ (ಕಡವೆ ಥರದ ದೊಡ್ಡ ಜಿಂಕೆ) ಬೇಟೆಗೆ ಹೋಗುವ ಕಾಲ ಸೆಪ್ಟೆಂಬರ್. ಬೇಸಿಗೆ ಶುರುವಾಯಿತು ಅಂದರೆ ನನ್ನ ಹತ್ತಿರ ಬಿಲ್ಲು ಕಲಿಯಲು ಬರುವವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗುರಿ ಅಭ್ಯಾಸಕ್ಕೆ ಅಂಗಡಿಯಲ್ಲಿ ಸಿಗುವ ಪೂರ್ತಿ ಗಾತ್ರದ ಫೋಮ್ ಎಲ್ಕ್‌ನ ಬೆಲೆ ಸಾವಿರ ಡಾಲರ್ ದಾಟುತ್ತದೆ, ಮನೆಯಲ್ಲೇ ಮಾಡಿಕೊಂಡರೆ ನಡೆಯುತ್ತದಾ? ಧಾರಾಳವಾಗಿ ನಡೆಯುತ್ತದೆ. ಕಲಿಯುವವರಿಗೆ ಅದೇ ಮೇಲು ಅಂತಲೂ ಹೇಳುತ್ತೇನೆ. ಒಂದೇ ಷರತ್ತು. ಎದುರುಗಡೆ ಯಾವ ಚುಕ್ಕೆಯೂ ಬೇಡ, ಗುರುತೆಲ್ಲ ಟಾರ್ಗೆಟ್ಟಿನ ಹಿಂಬದಿಯಲ್ಲಿರಬೇಕು.

ಯಾಕೆ ಗೊತ್ತಾ? ಅಂಗೈಯಗಲದ ಬಣ್ಣದ ಚುಕ್ಕೆಗೆ ತಿಂಗಳುಗಟ್ಟಲೆ ಬಾಣ ಬಿಟ್ಟವರ ಕಣ್ಣು ಚುಕ್ಕೆಯನ್ನೇ ಹುಡುಕುತ್ತದೆ. ಎಲ್ಕ್ ಮೈಮೇಲೆ ಚುಕ್ಕೆ ಇಲ್ಲ. ಅದು ಗೋಡೆಯ ಹಾಗೆ ಎದುರಿಗೆ ಬಂದು ನಿಂತಾಗ ಎಲ್ಲಿ ನೋಡಬೇಕು ಅಂತ ತೋಚದೆ, ಇಡೀ ಪ್ರಾಣಿಗೆ ಗುರಿಯಿಟ್ಟು ಬಿಟ್ಟುಬಿಡುತ್ತಾರೆ. ಬಾಣ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಾಣ ಬಿದ್ದ ಎಲ್ಕ್ ತಕ್ಷಣ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತದೆ, ಬಹಳ ದೂರ ಹೋಗಿಬಿಡುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ. ಇದು ಆಗಬಾರದು. ಟಾರ್ಗೆಟ್ ಮಾಡುವ ಶ್ರಮವೆಲ್ಲ ಇದಕ್ಕಾಗಿಯೇ.

ಇಲ್ಲಿಗೆ ಬಂದು ನೆಲೆಸಿದ ನಮ್ಮ ಕನ್ನಡದವರಿಗಂತೂ ಬೇಟೆಯೇ ಹೊಸ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ, ಹಾಗಾಗಿ ಅಪ್ಪನ ಜೊತೆ ಕಾಡಿಗೆ ಹೋಗಿ ಕಲಿತ ಅನುಭವ ನಮ್ಮಲ್ಲಿ ಇರುವುದಿಲ್ಲ. ಇಲ್ಲಿ ನಿಯಮದೊಳಗೆ ಬೇಟೆ ಉಂಟು, ಆದರೆ 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ಕಾರ್ಡ್ ಪಡೆಯಬೇಕು. ಮೊದಲು ಅದನ್ನು ಮಾಡಿಸಿಕೊಳ್ಳಿ.

ಈಗ ಅಳತೆಗೆ ಬರೋಣ. ಬೆಳೆದ ಗಂಡು ಎಲ್ಕ್ ಭುಜದ ಹತ್ತಿರ ಸುಮಾರು 5 ಅಡಿ ಎತ್ತರ, ಮೂತಿಯಿಂದ ಬಾಲಕ್ಕೆ ಸುಮಾರು 8 ಅಡಿ ಉದ್ದ, ತೂಕ 300 ಕಿಲೋ ಮೇಲೆ. ಹೆಣ್ಣು ನಾಲ್ಕೂವರೆ ಅಡಿ ಎತ್ತರ, ಆರೂವರೆ ಅಡಿ ಉದ್ದ. ನಾಗರಹೊಳೆಯಲ್ಲಿ ಕಡವೆ ನೋಡಿದವರಿಗೆ ಆಕಾರ ತಕ್ಷಣ ಗೊತ್ತಾಗುತ್ತದೆ. ಗಾತ್ರ ಸರಿಯಾಗಿಯೇ ಇರಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಉಂಟು. ನಮ್ಮ ಕಣ್ಣು ಗಾತ್ರ ನೋಡಿಯೇ ದೂರ ಅಂದಾಜು ಮಾಡುತ್ತದೆ. ಜಿಂಕೆ ಗಾತ್ರಕ್ಕೆ ಒಗ್ಗಿದ ಕಣ್ಣಿಗೆ 50 ಗಜದಾಚೆಯ ಎಲ್ಕ್ ಇನ್ನೂ ಹತ್ತಿರ ಇದ್ದಂತೆ ಕಾಣುತ್ತದೆ, ಬಾಣ ಕೆಳಗೆ ಬೀಳುತ್ತದೆ. ರೇಂಜ್‌ಫೈಂಡರ್ (ದೂರ ಅಳೆಯುವ ಉಪಕರಣ) ಇದೆಯಲ್ಲಾ ಅನ್ನಬಹುದು. ಅಳೆದು ಇಟ್ಟುಕೊಂಡ ಮೇಲೆ ಎಲ್ಕ್ ನಾಲ್ಕು ಹೆಜ್ಜೆ ಮುಂದೆ ಬಂದು ಮರದ ಮರೆಯಲ್ಲಿ ನಿಂತರೆ, ಬಿಲ್ಲು ಎಳೆದು ಹಿಡಿದವರಿಗೆ ಇನ್ನೊಮ್ಮೆ ಅಳೆಯುವ ಕೈ ಎಲ್ಲಿದೆ?

ಮೈ ಮಾಡುವುದಕ್ಕೆ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಸಾಕು. ಜಾಸ್ತಿ ದಿನ ಬಾಳಬೇಕು ಅಂದರೆ ಮನೆ ಗೋಡೆಯೊಳಗೆ ಹಾಕುವ ಫೋಮ್ ಶೀಟು ತನ್ನಿ. ಅದು 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ, ಎಲ್ಕ್ ಮೈ ಅದರಲ್ಲಿ ಸರಿಯಾಗಿ ಕೂರುತ್ತದೆ. ಪಕ್ಕದಿಂದ ತೆಗೆದ ಒಂದು ಒಳ್ಳೆ ಫೋಟೊ ಮೇಲೆ ಚೌಕ ಗೆರೆ ಎಳೆಯಿರಿ, ಶೀಟಿನ ಮೇಲೆ ಅಡಿಗೊಂದು ಗೆರೆ ಎಳೆಯಿರಿ, ಒಂದೊಂದೇ ಚೌಕ ನೋಡಿಕೊಂಡು ಬರೆಯುತ್ತಾ ಹೋಗಿ. ಚಿತ್ರ ಬರೆಯಲು ಬಾರದವರಿಗೂ ಬರುತ್ತದೆ. ಎಲ್ಲರೂ ಕಾಲನ್ನು ಗಿಡ್ಡ ಮಾಡುತ್ತಾರೆ. ಭುಜದ ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧ ಕಾಲೇ ಇರುತ್ತದೆ, ನೆನಪಿರಲಿ. ಕಾಲಿಗೆ ಮರದ ಪಟ್ಟಿ ಹೊಡೆದು ನಿಲ್ಲಿಸಿದರಾಯಿತು. ಬಣ್ಣ ಮೈಗೆ ತೆಳು ಕಂದು, ಕುತ್ತಿಗೆಗೆ ಮತ್ತು ಕಾಲಿಗೆ ಕಡು ಕಂದು, ಬಾಲದ ಸುತ್ತಲಿನ ಭಾಗಕ್ಕೆ ಕೆನೆ. ಕೊಂಬು ಮೊದಲೇ ಹಾಕಬೇಡಿ. ಎದೆಯ ಮೇಲೆ ಕಣ್ಣು ನಿಲ್ಲುವುದು ರೂಢಿಯಾದ ಮೇಲೆ ಕೊನೆಯ ವಾರಗಳಲ್ಲಿ ಹಾಕಿ, ಕೊಂಬಿದ್ದರೂ ಕಣ್ಣು ಮೇಲೆ ಹೋಗದ ಹಾಗೆ ಅಭ್ಯಾಸ ಆಗುತ್ತದೆ.

ಹಿಂಬದಿಯೇ ನಿಜವಾದ ಪಾಠ. ಮುಂಗಾಲಿನ ಮೊಣಕೈ ಇರುವ ಜಾಗಕ್ಕೆ ಎದುರಿನಿಂದ ದಬ್ಬಣ ಚುಚ್ಚಿ ತೂತು ಮಾಡಿ, ಹಿಂದೆ ಹೋಗಿ ಆ ತೂತಿನಿಂದ ಅಳತೆ ಶುರುಮಾಡಿ. ಹಿಂದಿನಿಂದ ನೋಡುವಾಗ ಎಡಬಲ ತಿರುಗಿರುತ್ತದೆ, ಅದಕ್ಕೇ ತೂತು ಬೇಕು. ಮೊಣಕೈಯ ಮೇಲ್ಗಡೆ, ಎದೆಯ ಕೆಳಭಾಗದಲ್ಲಿ ಹೃದಯ ಬರೆಯಿರಿ. ಅದರ ಮೇಲೆ ಮತ್ತು ಹಿಂದಕ್ಕೆ ಶ್ವಾಸಕೋಶ. ಶ್ವಾಸಕೋಶದ ಹಿಂದೆ ಯಕೃತ್ತು, ಆಮೇಲೆ ದೊಡ್ಡ ಹೊಟ್ಟೆ. ಮುಂದೆ ಹೆಗಲ ಮೂಳೆ. ಒಂದೊಂದಕ್ಕೆ ಒಂದೊಂದು ಬಣ್ಣ. ಬಾಣ ಬಿಟ್ಟವರು ಎದುರಿಗೇ ನಿಂತಿರಲಿ, ಎಲ್ಲಿ ಬಿತ್ತು ಅಂತ ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಎಲ್ಲರೂ ಹಿಂದೆ ಹೋಗಿ ನೋಡಿ. ಯಕೃತ್ತಿಗೆ ಬಿದ್ದಿದ್ದರೆ ನಾನು ಕೇಳುವುದು ಇಷ್ಟೇ: ಈಗ ಎಷ್ಟು ಹೊತ್ತು ಕಾಯುತ್ತೀರಿ? ಶ್ವಾಸಕೋಶವಾದರೆ ಅರ್ಧ ಗಂಟೆ ಕಾದು ಜಾಡು ಹಿಡಿಯಬಹುದು. ಯಕೃತ್ತಾದರೆ ಹಲವು ಗಂಟೆ ಬಿಡಬೇಕು. ಹೊಟ್ಟೆಯಾದರೆ ಅದಕ್ಕಿಂತ ಜಾಸ್ತಿ, ಇಲ್ಲವಾದರೆ ಮಲಗಿದ ಎಲ್ಕ್ ಎದ್ದು ಓಡಿ ಕೈತಪ್ಪಿಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ನಿಮ್ಮದೇ ಬಾಣ ಅಲ್ಲಿ ಚುಚ್ಚಿಕೊಂಡಿರುವಾಗ ಕೇಳುವುದೇ ಬೇರೆ.

ಚಪ್ಪಟೆ ಶೀಟಿಗೆ ಒಂದು ಕೊರತೆ ಇದೆ. ಎಲ್ಕ್ ಯಾವಾಗಲೂ ಪೂರ್ತಿ ಪಕ್ಕಕ್ಕೆ ತಿರುಗಿ ನಿಲ್ಲುವುದಿಲ್ಲ. ಅದಕ್ಕೆ ಎದೆಯ ಭಾಗದಷ್ಟು ಇನ್ನೊಂದು ರಟ್ಟು ಕತ್ತರಿಸಿ, ಒಂದೂವರೆ ಅಡಿ ಹಿಂದಕ್ಕೆ ಚೌಕಟ್ಟು ಹೊಡೆದು ನಿಲ್ಲಿಸಿ, ನಡುವೆ ಎರಡು ದೊಡ್ಡ ಬಲೂನು ಕಟ್ಟಿ. ಅವೇ ಎರಡು ಶ್ವಾಸಕೋಶ. ಈಗ ಚೌಕಟ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಾಣ ಬಿಡಿ. ಎಲ್ಕ್ ಆಚೆಗೆ ಓರೆಯಾಗಿ ನಿಂತಾಗ ಬಾಣ ಹಿಂದಿನ ಪಕ್ಕೆಲುಬಿನಿಂದ ಹೊಕ್ಕು ಆಚೆಯ ಮುಂಗಾಲಿನ ಕಡೆ ಹೊರಡಬೇಕು ಅನ್ನುವುದು ಎರಡು ಬಲೂನೂ ಒಟ್ಟಿಗೆ ಒಡೆದಾಗ ತಾನಾಗಿ ತಿಳಿಯುತ್ತದೆ. ಒಂದೇ ಒಡೆದರೆ ನಿಂತ ಜಾಗ ತಪ್ಪು ಅಥವಾ ಗುರಿ ತಪ್ಪು. ನಿಮ್ಮ ಕಡೆಗೆ ಓರೆಯಾಗಿ ನಿಂತ ಎಲ್ಕ್‌ಗೆ ಮಾತ್ರ ಬಾಣ ಬಿಡಬೇಡಿ ಅಂತಲೇ ನಾನು ಕಲಿಸುವುದು. ಹೆಗಲ ಮೂಳೆ ಅಡ್ಡ ಬರುತ್ತದೆ. ಅದು ತಿರುಗುವವರೆಗೆ ಕಾಯಿರಿ, ತಿರುಗದಿದ್ದರೆ ಬಿಟ್ಟುಬಿಡಿ.

ಬಾಣ ತಡೆಯುವ ದಿಮ್ಮಿ ಎದೆಯ ಹಿಂದೆ ಇದ್ದರೆ ಸಾಕು. ರಟ್ಟಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಅಂಚು ನಿಮ್ಮ ಕಡೆ ಬರುವ ಹಾಗೆ ಇಟ್ಟು, ಮೇಲೆ ಕೆಳಗೆ ಹಲಗೆ ಹಾಕಿ ಉದ್ದ ಬೋಲ್ಟಿನಿಂದ ಬಿಗಿಯಿರಿ. ಹಳೆ ಕಾರ್ಪೆಟ್ಟೂ ಆಗುತ್ತದೆ. ಗೋಡೆ ಫೋಮ್‌ನಿಂದಲೇ ದಿಮ್ಮಿ ಮಾಡಬೇಡಿ, ಉಜ್ಜಿದ ಶಾಖಕ್ಕೆ ಅದು ಕರಗಿ ಬಾಣಕ್ಕೆ ಅಂಟಿಕೊಂಡು ಕೀಳಲು ಬರುವುದಿಲ್ಲ. ಹಳೆ ಬಟ್ಟೆ ತುಂಬಿದ ಚೀಲ ಮೊಂಡು ಮೊನೆಯ ಅಭ್ಯಾಸದ ಬಾಣಕ್ಕೆ ಚೆನ್ನಾಗಿದೆ, ಜಿಪ್ಪು ಗುಂಡಿ ತೆಗೆದಿರಬೇಕು ಅಷ್ಟೆ. ಬೇಟೆಗೆ ಬಳಸುವ ಅಗಲ ಅಲಗಿನ ಮೊನೆಗೆ, ಅಂದರೆ ಬ್ರಾಡ್‌ಹೆಡ್‌ಗೆ ಆಗುವುದಿಲ್ಲ. ಇಲ್ಲಿನ ಕಾನೂನಿನಂತೆ ಅದರ ಅಗಲ ಕನಿಷ್ಠ 7/8 ಇಂಚು ಇರಬೇಕು, ಅಷ್ಟಗಲದ ಅಲಗು ಬಟ್ಟೆಗೆ ಸಿಕ್ಕಿಕೊಂಡುಬಿಡುತ್ತದೆ.

ಇಷ್ಟಾದಮೇಲೂ ಬಾಣ ತಪ್ಪಿ ಹೋಗಬಹುದು, ಹಾಗಾಗಿ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಪ್ಲೈವುಡ್ಡಿಗೆ, ಕಲ್ಲು ಇರುವ ಕಡೆಗೆ ಬಾಣ ಬಿಡಬೇಡಿ. ಕಾಡಿನಂಚಿನಲ್ಲಿ ಅಭ್ಯಾಸ ಮಾಡಿದರೆ ಟಾರ್ಗೆಟ್ ಅಲ್ಲಿ ಬಿಟ್ಟು ಬರಬೇಡಿ. ದೂರದಿಂದ ನಿಜವಾದ ಎಲ್ಕ್ ಥರ ಕಾಣುವುದು ನಿಮಗೊಬ್ಬರಿಗೇ ಅಲ್ಲವಲ್ಲ, ಬೇರೆ ಬೇಟೆಗಾರರು ಅದಕ್ಕೆ ಗುರಿಯಿಡುವಾಗ ನೀವು ಅದರ ಹಿಂದೆ ನಿಂತಿರಬಹುದು.

ಆಗಸ್ಟ್ ಕೊನೆಗೆ ಬಂದಾಗ ಬಾಣಗಳ ಸಂಖ್ಯೆ ಕಡಿಮೆ ಮಾಡಿ. ಬೆಳಿಗ್ಗೆ ಎದ್ದು, ಮೈ ಇನ್ನೂ ಬಿಸಿಯಾಗದೆ ಇರುವಾಗ, ದೂರ ಅಳೆಯದೆ ಒಂದೇ ಒಂದು ಬಾಣ. ಬೇಟೆಯಲ್ಲಿ ಸಿಗುವುದೂ ಅದೊಂದೇ. ಆ ಮೊದಲ ಬಾಣ ಪ್ರತಿ ದಿನವೂ ಶ್ವಾಸಕೋಶದ ಗೆರೆಯೊಳಗೆ ಬೀಳುವ ದೂರ 30 ಗಜವಾದರೆ, ಈ ವರ್ಷಕ್ಕೆ ನಿಮ್ಮ ದೂರ 30 ಗಜ.